ಒಂದೇ ನಾಟಕ, ಎರಡು ಚಲನಚಿತ್ರಗಳು: ‘ದಿ ಬಾಯ್ಸ್ ಇನ್ ದ ಬ್ಯಾಂಡ್’ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ರಂಗವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ನಮ್ಮ ಹವ್ಯಾಸಿ ತಂಡವು ಮುಂದಿನ ತಿಂಗಳ ಓದಿಗೆ ಮಾರ್ಟ್ ಕ್ರೌಲಿಯವರ ‘ದಿ ಬಾಯ್ಸ್ ಇನ್ ದ ಬ್ಯಾಂಡ್’ ನಾಟಕವನ್ನು ಆರಿಸಿಕೊಂಡಿದೆ. ಓದಿನ ನಂತರ ಅದರ ಚಲನಚಿತ್ರ ರೂಪವನ್ನೂ ನೋಡಿ ಚರ್ಚಿಸಬೇಕೆಂಬುದು ನಮ್ಮ ಯೋಜನೆ.

ನಾಟಕದ ಪರಿಚಯವಿಲ್ಲದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ನ್ಯೂಯಾರ್ಕಿನಲ್ಲಿ ಮೈಕೆಲ್ ಎಂಬುವನ ಮನೆಯಲ್ಲಿ ಗೆಳೆಯ ಹೆರಾಲ್ಡನ ಹುಟ್ಟುಹಬ್ಬದ ಕೂಟ ನಡೆಯುತ್ತಿದೆ ಮತ್ತು ಅಲ್ಲಿಗೆ ಆಹ್ವಾನಿತರಾದ ಗೆಳೆಯರೆಲ್ಲರೂ ಸಲಿಂಗಕಾಮಿಗಳು. ಕಾಲೇಜಿನಲ್ಲಿ ಮೈಕೆಲ್‌ನ ಕೋಣೆಯಲ್ಲೇ ಇದ್ದ, ಈಗ ಹೆಂಡತಿ ಮಕ್ಕಳಿರುವ ಅಲನ್, ಸಂಜೆ ಫೋನಿನಲ್ಲಿ ಅತ್ತು, ಆಮೇಲೆ ಬರುವುದಿಲ್ಲವೆಂದು ತಿಳಿಸಿ, ಕೊನೆಗೆ ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಕುಡಿತ ಏರಿದಂತೆ ಮೈಕೆಲ್ ಒಂದು ಕ್ರೂರವಾದ ಆಟವನ್ನು ಹೂಡುತ್ತಾನೆ. ಪ್ರತಿಯೊಬ್ಬರೂ ತಾವು ನಿಜವಾಗಿ ಪ್ರೀತಿಸಿದ ಒಬ್ಬ ವ್ಯಕ್ತಿಗೆ ಅಲ್ಲಿಂದಲೇ ಫೋನ್ ಮಾಡಿ ಆ ಮಾತನ್ನು ಹೇಳಬೇಕು, ಎಷ್ಟು ದೂರ ಹೋಗುತ್ತಾರೋ ಅದಕ್ಕೆ ತಕ್ಕಂತೆ ಅಂಕಗಳು ಸಿಗುತ್ತವೆ.

ಈ ನಾಟಕವನ್ನು ಆಧರಿಸಿ 1970ರಲ್ಲಿ ವಿಲಿಯಂ ಫ್ರೀಡ್ಕಿನ್ ಅವರೂ 2020ರಲ್ಲಿ ಜೋ ಮ್ಯಾಂಟೆಲೊ ಅವರೂ ಚಿತ್ರಗಳನ್ನು ನಿರ್ದೇಶಿಸಿದ್ದಾರೆ. ಎರಡನ್ನೂ ನೋಡಿದೆ. ಸಂಭಾಷಣೆ ಬಹುಪಾಲು ಒಂದೇ ಆಗಿದ್ದರೂ ಹಳೆಯದನ್ನು ನೋಡುವಾಗ ಎದ್ದು ಹೊರಗೆ ಹೋಗಬೇಕೆನ್ನಿಸುವಷ್ಟು ಉಸಿರುಗಟ್ಟಿತು, ಹೊಸದನ್ನು ಆರಾಮವಾಗಿ ಕುಳಿತು ನೋಡಿದೆ. ಇದಕ್ಕೆ ಕಾರಣವೇನಿರಬಹುದು? ನಮಗೆ ಸಮಯವಿರುವುದು ಒಂದಕ್ಕೆ ಮಾತ್ರ, ಯಾವುದನ್ನು ತೋರಿಸುವುದು ಒಳ್ಳೆಯದು? ಜೊತೆಗೆ, ಈ ನಾಟಕವು ಸಲಿಂಗಕಾಮಿಗಳನ್ನು ತಮ್ಮನ್ನು ತಾವೇ ಹೀಗಳೆದುಕೊಳ್ಳುವವರನ್ನಾಗಿ ಚಿತ್ರಿಸುತ್ತದೆ, ಇಂದು ಇದನ್ನು ಎತ್ತಿಕೊಳ್ಳುವುದೇ ತಪ್ಪು ಎಂದು ತಂಡದ ಇಬ್ಬರು ವಾದಿಸುತ್ತಿದ್ದಾರೆ. ಬಲ್ಲವರು ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಉತ್ತರ 1: ಹಳೆಪರದೆ

ರಂಗವಿದ್ಯಾರ್ಥಿಯವರೇ, ನಿಮಗೆ ಉಸಿರುಗಟ್ಟಿದ್ದರೆ ಅದು ಫ್ರೀಡ್ಕಿನ್ ಅವರು ಬೇಕೆಂದೇ ಮಾಡಿದ ಕೆಲಸ. ‘ದಿ ಫ್ರೆಂಚ್ ಕನೆಕ್ಷನ್’ (1971) ಮತ್ತು ‘ದಿ ಎಕ್ಸಾರ್ಸಿಸ್ಟ್’ (1973) ಚಿತ್ರಗಳಿಂದ ಹೆಸರಾಗುವುದಕ್ಕೆ ಮೊದಲೇ ಅವರು 1968ರಲ್ಲಿ ಹೆರಾಲ್ಡ್ ಪಿಂಟರ್ ಅವರ ‘ದಿ ಬರ್ತ್‌ಡೇ ಪಾರ್ಟಿ’ ನಾಟಕವನ್ನು ಚಿತ್ರವಾಗಿಸಿದ್ದರು. ಒಂದು ಮನೆ, ಅದರೊಳಗೊಂದು ಹುಟ್ಟುಹಬ್ಬ, ಹೊರಗಿನಿಂದ ಬಂದವರ ಕಾಟ ಎಂಬ ಕಟ್ಟನ್ನು ಕ್ಯಾಮೆರಾದ ಮುಂದೆ ಹೇಗೆ ನಿಭಾಯಿಸಬೇಕೆಂಬ ಅಭ್ಯಾಸ ಅವರಿಗೆ ಆಗಲೇ ಆಗಿತ್ತು.

ಚಿತ್ರ ಆರಂಭವಾಗುವಾಗ ಅವರು ನಮ್ಮನ್ನು ಧಾರಾಳವಾಗಿ ಹೊರಗೆ ಸುತ್ತಾಡಿಸುತ್ತಾರೆ. ಒಬ್ಬೊಬ್ಬ ಪಾತ್ರವೂ ನಗರದ ಒಂದೊಂದು ಮೂಲೆಯಲ್ಲಿ ತನ್ನ ಕೆಲಸದಲ್ಲಿ ತೊಡಗಿರುವುದನ್ನು, ಕೂಟಕ್ಕೆ ಹೊರಡುವುದನ್ನು ತೋರಿಸುವ ಆ ಭಾಗದಲ್ಲಿ ಗ್ರೀನ್‌ವಿಚ್ ವಿಲೇಜಿನ ‘ಜೂಲಿಯಸ್’ ಎಂಬ ನಿಜವಾದ ಬಾರ್ ಕೂಡ ಬರುತ್ತದೆ. ಇದು ಸುಮ್ಮನೆ ಆರಿಸಿದ ಜಾಗವಲ್ಲ. 1966ರ ಏಪ್ರಿಲ್‌ನಲ್ಲಿ ಕೆಲವು ಹೋರಾಟಗಾರರು ಇದೇ ಬಾರಿಗೆ ಹೋಗಿ, ತಾವು ಸಲಿಂಗಕಾಮಿಗಳೆಂದು ಬಹಿರಂಗವಾಗಿ ಹೇಳಿ, ಮದ್ಯ ಕೊಡುವಂತೆ ಕೇಳಿ ಪ್ರತಿಭಟಿಸಿದ್ದರು. ಇಂಥ ಗಿರಾಕಿಗಳಿಗೆ ಮದ್ಯ ಕೊಟ್ಟರೆ ಪರವಾನಗಿ ಕಳೆದುಕೊಳ್ಳಬೇಕಾದೀತೆಂಬ ಭಯ ಬಾರಿನವರಿಗಿದ್ದ ಕಾಲ ಅದು.

ಮೈಕೆಲ್‌ನ ಮನೆ ಸೇರಿದ ಮೇಲೆ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಆರಂಭದಲ್ಲಿ ತಾರಸಿಯಿದೆ, ಗಾಳಿಯಿದೆ, ಎಲ್ಲರೂ ಸಾಲಾಗಿ ನಿಂತು ಕುಣಿಯುವ ಸಂತೋಷವಿದೆ. ಆಮೇಲೆ ಮಳೆ ಸುರಿದು ಎಲ್ಲರನ್ನೂ ಒಳಗೆ ಅಟ್ಟುತ್ತದೆ, ಫೋನಿನ ಆಟ ಆ ಒಳಕೋಣೆಯಲ್ಲಿ ನಡೆಯುತ್ತದೆ. ಅಲ್ಲಿಂದ ಮುಂದೆ ಕ್ಯಾಮೆರಾ ಮುಖಗಳಿಗೆ ಹತ್ತಿರವಾಗುತ್ತಾ ಹೋಗಿ, ಬೆವರು, ಕಣ್ಣಿನ ಕೆಂಪು, ಸಿಗರೇಟು ಹಿಡಿದ ಬೆರಳಿನ ನಡುಕ ಇವೆಲ್ಲವನ್ನೂ ಬಿಡದೆ ಹಿಡಿಯುತ್ತದೆ. ಒಂದು ತಾಂತ್ರಿಕ ವಿವರವನ್ನೂ ಹೇಳಬೇಕು. ನಟಿ ಟ್ಯಾಮಿ ಗ್ರೈಮ್ಸ್ ಅವರ ನಿಜವಾದ ಮನೆಯೇ ಈ ಮನೆಗೆ ಮಾದರಿ. ತಾರಸಿಯ ದೃಶ್ಯಗಳಲ್ಲಿ ಹೆಚ್ಚಿನವನ್ನು ಅಲ್ಲಿಯೇ ಚಿತ್ರೀಕರಿಸಿದರು, ಒಳಗಿನ ಜಾಗ ಚಿತ್ರೀಕರಣಕ್ಕೆ ಸಾಲದೆ ಅದರ ಪ್ರತಿರೂಪವನ್ನು ಸ್ಟುಡಿಯೋದಲ್ಲಿ ಕಟ್ಟಿದರು. ಹೊರಗಿನ ದೃಶ್ಯಕ್ಕೂ ಒಳಗಿನ ದೃಶ್ಯಕ್ಕೂ ಗಾಳಿಯೇ ಬೇರೆಯೆನಿಸುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಇನ್ನೂ ಮುಖ್ಯವಾದುದು ನಟವರ್ಗ. 1968ರ ಏಪ್ರಿಲ್ 14ರಂದು ನ್ಯೂಯಾರ್ಕಿನ ಥಿಯೇಟರ್ ಫೋರ್‌ನಲ್ಲಿ ನಾಟಕವನ್ನು ಆರಂಭಿಸಿದ ಒಂಬತ್ತು ಮಂದಿಯೇ ಚಿತ್ರದಲ್ಲೂ ಇದ್ದಾರೆ. ಚಿತ್ರಕಥೆ ಬರೆದು ನಿರ್ಮಾಣದಲ್ಲೂ ಪಾಲುಗೊಂಡಿದ್ದ ಕ್ರೌಲಿಯವರು ದೊಡ್ಡ ತಾರೆಯರನ್ನು ತರುವ ಆಸೆಗೆ ಮಣಿಯದೆ ಈ ಒಂದು ವಿಷಯದಲ್ಲಿ ಪಟ್ಟು ಹಿಡಿದರು. ಅಷ್ಟು ಪ್ರದರ್ಶನಗಳನ್ನು ಒಟ್ಟಿಗೆ ಮಾಡಿದವರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹೇರುವ ವೇಗ ಹೊಸದಾಗಿ ಕಲಿಸಿಕೊಟ್ಟರೆ ಬರುವುದಿಲ್ಲ. ಒಂದೇ ಚಿತ್ರ ತೋರಿಸುವುದಾದರೆ 1970ರದ್ದನ್ನೇ ತೋರಿಸಿ.

ಉತ್ತರ 2: ಮೂರನೇಗಂಟೆ

ಹಳೆಪರದೆಯವರ ತೀರ್ಮಾನವನ್ನು ಒಪ್ಪುತ್ತೇನೆ, ಆದರೆ ನಟವರ್ಗದ ಬಗ್ಗೆ ಅವರು ಹೇಳಿದ ಕಾರಣ ಪೂರ್ತಿ ನಿಲ್ಲುವುದಿಲ್ಲ. 2020ರ ಚಿತ್ರದ ನಟರೂ ಹೊಸಬರೇನಲ್ಲ. ನಾಟಕಕ್ಕೆ ಐವತ್ತು ವರ್ಷ ತುಂಬಿದ 2018ರಲ್ಲಿ ಅದು ಮೊದಲ ಬಾರಿಗೆ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ವಲಯವಾದ ಬ್ರಾಡ್‌ವೇಗೆ, ಬೂತ್ ಥಿಯೇಟರಿಗೆ ಬಂದಾಗ ಮ್ಯಾಂಟೆಲೊ ಅವರೇ ನಿರ್ದೇಶಿಸಿದ್ದರು. ಜಿಮ್ ಪಾರ್ಸನ್ಸ್, ಜಕಾರಿ ಕ್ವಿಂಟೊ, ಮ್ಯಾಟ್ ಬೋಮರ್, ರಾಬಿನ್ ಡಿ ಹೆಸೂಸ್ ಮೊದಲಾದ ಅದೇ ಒಂಬತ್ತು ಮಂದಿ ಚಿತ್ರಕ್ಕೂ ಬಂದರು. ಆ ಪ್ರಯೋಗಕ್ಕೆ 2019ರಲ್ಲಿ ಅತ್ಯುತ್ತಮ ಮರುಪ್ರಯೋಗದ ಟೋನಿ ಪ್ರಶಸ್ತಿಯೂ ಬಂದಿತು. ಹಾಗಾದರೆ ಒಟ್ಟಿಗೆ ಆಡಿದ ಅನುಭವ ಇವರಿಗೂ ಇದ್ದೇ ಇತ್ತು, ವ್ಯತ್ಯಾಸ ಬೇರೆಲ್ಲೋ ಇದೆ.

ನನ್ನ ಪ್ರಕಾರ ಅದು ಫೋನಿನಲ್ಲಿದೆ. ರಂಗದ ಮೇಲೆ ಫೋನ್ ಕರೆಯೆಂದರೆ ಅರ್ಧ ಸಂಭಾಷಣೆ. ನಟನ ಮಾತಷ್ಟೇ ನಮಗೆ ಕೇಳುತ್ತದೆ, ಆಚೆಯವರು ಏನೆಂದರು ಎಂಬುದನ್ನು ಅವನ ಮುಖ ನೋಡಿ ನಾವೇ ತುಂಬಿಕೊಳ್ಳಬೇಕು. ಕ್ರೌಲಿಯವರು ಎರಡನೆಯ ಅಂಕವನ್ನು ಈ ಅರ್ಧದ ಮೇಲೆ ನಿಲ್ಲಿಸಿದ್ದಾರೆ. ಗುಂಪಿನಲ್ಲಿರುವ ಒಬ್ಬನೇ ಕಪ್ಪು ವರ್ಣೀಯ ಬರ್ನಾರ್ಡ್. ಅವನ ತಾಯಿ ಬಟ್ಟೆ ಒಗೆಯುತ್ತಿದ್ದ ಬಿಳಿಯರ ಶ್ರೀಮಂತ ಮನೆಯ ಮಗನನ್ನು ಅವನು ಹುಡುಗನಾಗಿದ್ದಾಗ ಪ್ರೀತಿಸಿದ್ದ. ಕರೆ ಮಾಡಿದಾಗ ಆತ ಮನೆಯಲ್ಲಿಲ್ಲ, ತಾಯಿಯೊಡನೆ ಮಾತಾಡಬೇಕಾಗುತ್ತದೆ. ಬರ್ನಾರ್ಡ್‌ನ ದನಿ ಥಟ್ಟನೆ ಆ ಮನೆಯ ಆಳಿನ ಮಗನ ದನಿಯಾಗಿಬಿಡುವುದು, ರಿಸೀವರ್ ಇಟ್ಟ ಮೇಲೆ ಯಾಕಾದರೂ ಮಾಡಿದೆನೋ ಎಂದು ಅವನು ಕುಸಿಯುವುದು, ಇಷ್ಟೇ ನಮಗೆ ಸಿಗುವುದು, ಇಷ್ಟರಲ್ಲೇ ಜಾತಿಯಂತೆ ಗಟ್ಟಿಯಾದ ಒಂದು ವ್ಯವಸ್ಥೆ ಕಾಣುತ್ತದೆ.

ಹೊಸ ಚಿತ್ರವು ಇಲ್ಲಿ ಹಿಂದಿನ ಕಾಲಕ್ಕೆ ಹೋಗಿ, ರಾತ್ರಿಯ ಈಜುಕೊಳವನ್ನೂ ಇಬ್ಬರು ಹುಡುಗರನ್ನೂ ಸುಂದರವಾಗಿ ತೋರಿಸುತ್ತದೆ. ಗುಂಪಿನ ಇನ್ನೊಬ್ಬ ಗೆಳೆಯ ಎಮೊರಿ ತನ್ನ ಶಾಲಾ ದಿನಗಳ ಪ್ರೇಮವನ್ನು ಹೇಳುವಾಗಲೂ ಹಾಗೆಯೇ. ಚಿತ್ರಿಕೆಗಳು ಕೆಟ್ಟದಾಗಿಲ್ಲ, ಆದರೆ ಪ್ರತಿ ಬಾರಿ ಹೊರಗೆ ಹೋಗಿ ಬಂದಾಗಲೂ ನಾವು ಒಂದು ಗುಟುಕು ಗಾಳಿ ಕುಡಿದು ಬಂದಿರುತ್ತೇವೆ. ಆ ಗಾಳಿ ಕೋಣೆಯಲ್ಲಿರುವ ಯಾರಿಗೂ ಸಿಕ್ಕಿರುವುದಿಲ್ಲ. ನೀವು ಆರಾಮವಾಗಿ ಕುಳಿತದ್ದು ಇದರಿಂದಲೇ ಎಂದು ನನಗನ್ನಿಸುತ್ತದೆ. ಫ್ರೀಡ್ಕಿನ್ ಅವರು ಎಮೊರಿಯ ಪಾತ್ರಧಾರಿ ಕ್ಲಿಫ್ ಗೋರ್ಮನ್ ಅವರ ಮುಖವನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅಷ್ಟು ಹೊತ್ತು ಎಲ್ಲರನ್ನೂ ನಗಿಸುತ್ತಿದ್ದ ಆ ಮುಖ ನಗುವನ್ನು ಮರೆಯುವುದನ್ನು ನಾವು ಕಣ್ಣು ತಪ್ಪಿಸದೆ ನೋಡಬೇಕಾಗುತ್ತದೆ.

ಹೊಸ ಚಿತ್ರದ ಪರವಾಗಿ ಒಂದು ಮಾತನ್ನು ಹೇಳದಿದ್ದರೆ ಅನ್ಯಾಯವಾದೀತು. ಅದರ ಒಂಬತ್ತು ನಟರೂ ತಾವು ಗೇ ಎಂದು ಬಹಿರಂಗವಾಗಿ ಹೇಳಿಕೊಂಡವರು. 1968ರಲ್ಲಿ ಇಂಥ ಪಾತ್ರವನ್ನು ಒಪ್ಪಿಕೊಂಡರೆ ಮುಂದೆ ಅವಕಾಶ ಸಿಗುವುದಿಲ್ಲ ಎಂದು ನಟರನ್ನು ಅವರ ಏಜೆಂಟರೇ ಎಚ್ಚರಿಸುತ್ತಿದ್ದರು.

ಉತ್ತರ 3: ಸಂಜೆಮಲ್ಲಿಗೆ

ನಾನು ಗೇ, ವಯಸ್ಸು ಐವತ್ತು ದಾಟಿದೆ. ನಿಮ್ಮ ತಂಡದ ಇಬ್ಬರ ಆಕ್ಷೇಪಕ್ಕೆ ಉತ್ತರಿಸಬೇಕೆಂದು ಬರೆಯುತ್ತಿದ್ದೇನೆ.

ಅವರ ಆಕ್ಷೇಪ ಹೊಸದಲ್ಲ, ಚಿತ್ರ ಬಿಡುಗಡೆಯಾದಾಗಲೇ ಎದ್ದದ್ದು. ದಿನಾಂಕಗಳನ್ನು ಜೋಡಿಸಿ ನೋಡಿದರೆ ಅದರ ಹಿನ್ನೆಲೆ ತಿಳಿಯುತ್ತದೆ. ನಾಟಕ ಆರಂಭವಾದದ್ದು 1968ರ ಏಪ್ರಿಲ್‌ನಲ್ಲಿ. 1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಸಲಿಂಗಕಾಮಿಗಳು ಸೇರುತ್ತಿದ್ದ ಸ್ಟೋನ್‌ವಾಲ್ ಬಾರಿನ ಮೇಲೆ ನಡೆದ ಪೊಲೀಸ್ ದಾಳಿಯ ವಿರುದ್ಧ ಜನ ತಿರುಗಿಬಿದ್ದರು. ಚಿತ್ರ ತೆರೆಗೆ ಬಂದದ್ದು 1970ರ ಮಾರ್ಚ್‌ನಲ್ಲಿ, ನ್ಯೂಯಾರ್ಕಿನ ಮೊದಲ ಪ್ರೈಡ್ (ಸಲಿಂಗಕಾಮಿಗಳ ಹೆಮ್ಮೆಯ) ಮೆರವಣಿಗೆ ಹೊರಟದ್ದು ಅದೇ ವರ್ಷದ ಜೂನ್‌ನಲ್ಲಿ. ಬೀದಿಗಿಳಿದು ಹೆಮ್ಮೆಯಿಂದ ಘೋಷಣೆ ಕೂಗುತ್ತಿದ್ದ ಯುವಕರಿಗೆ, ತಮ್ಮನ್ನು ತಾವು ಇಷ್ಟೊಂದು ದ್ವೇಷಿಸದಿರಲು ಕಲಿತಿದ್ದರೆ ಎಂದು ಅಳುವ ಮೈಕೆಲ್‌ನನ್ನು ಪರದೆಯ ಮೇಲೆ ನೋಡುವುದು ಅವಮಾನವೆನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ರಂಗದ ಮೇಲೆ ಸುಮಾರು ಸಾವಿರ ಪ್ರದರ್ಶನ ಕಂಡ ಕೃತಿಗೆ, ತೆರೆಗೆ ಬರುವಷ್ಟರಲ್ಲಿ, ಸಮಾಜವೇ ಕಾಲು ಶತಮಾನ ಮುಂದೆ ಹೋದಂತಾಗಿತ್ತು.

ಆದರೆ ಮೈಕೆಲ್ ಆ ದ್ವೇಷವನ್ನು ಎಲ್ಲಿಂದ ಕಲಿತ ಎಂಬ ಪ್ರಶ್ನೆಯನ್ನು ನಿಮ್ಮ ಗೆಳೆಯರು ಕೇಳಿಕೊಳ್ಳಬೇಕು. ಅಮೆರಿಕದ ಮನೋವೈದ್ಯರ ಸಂಘವು ಸಲಿಂಗಕಾಮವನ್ನು ಮಾನಸಿಕ ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1973ರಲ್ಲಿ. ಇದಕ್ಕೂ ಐದು ವರ್ಷ ಹಿಂದೆ ನಡೆಯುವ ಕಥೆಯಲ್ಲಿ, ಮೈಕೆಲ್‌ನ ಗೆಳೆಯ ಡೊನಾಲ್ಡ್ ತನ್ನ ಮನೋವೈದ್ಯರ ಬಗ್ಗೆ ಮಾತಾಡುತ್ತಲೇ ಬರುತ್ತಾನೆ, ಮೈಕೆಲ್ ಕ್ಯಾಥೊಲಿಕ್ ಭಕ್ತಿಯನ್ನು ಬಿಡಲಾರದೆ ಮಧ್ಯರಾತ್ರಿಯ ಪೂಜೆಗೆ ಹೊರಡುತ್ತಾನೆ. ಕಾನೂನು ಅಪರಾಧಿಯೆಂದಿತು, ವೈದ್ಯರು ರೋಗಿಯೆಂದರು, ಚರ್ಚು ಪಾಪಿಯೆಂದಿತು. ಈ ಮೂರನ್ನೂ ನಂಬಿಕೊಂಡು ಬೆಳೆದ ಮೂವತ್ತರ ಗಂಡಸು ನಗುನಗುತ್ತಾ ಇರುತ್ತಾನೆಂದು ಬರೆದಿದ್ದರೆ ಕ್ರೌಲಿ ಸುಳ್ಳುಗಾರರಾಗುತ್ತಿದ್ದರು. ನಮ್ಮಲ್ಲೂ ಸಲಿಂಗ ಸಂಬಂಧವನ್ನು ಅಪರಾಧವಾಗಿಸಿದ್ದ ದಂಡಸಂಹಿತೆಯ 377ನೆಯ ಕಲಮನ್ನು 2009ರಲ್ಲಿ ದೆಹಲಿ ಹೈಕೋರ್ಟ್ ದುರ್ಬಲಗೊಳಿಸಿ, 2013ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಜೀವ ಕೊಟ್ಟು, ಕೊನೆಗೆ 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ವಯಸ್ಕರ ಸಮ್ಮತಿಯ ಸಂಬಂಧವನ್ನು ಅದರ ವ್ಯಾಪ್ತಿಯಿಂದ ಬಿಡಿಸುವವರೆಗೆ ನನ್ನ ವಾರಿಗೆಯವರು ಮೈಕೆಲ್‌ನ ಮನೆಯಂಥ ಮನೆಗಳಲ್ಲೇ ಸೇರುತ್ತಿದ್ದೆವು. ನಮ್ಮ ಮಾತುಗಳು ಅಲ್ಲಿನವಕ್ಕಿಂತ ಮೃದುವಾಗಿದ್ದವೆಂದು ನಾನು ಹೇಳಲಾರೆ.

ಇನ್ನೊಂದು ಸಂಗತಿಯನ್ನು ವಿಮರ್ಶಕರು ಹಲವರು ಗಮನಿಸದೆ ಮುಂದೆ ಹೋಗುತ್ತಾರೆ. ಕೂಟದ ಕೊನೆಯಲ್ಲಿ ಹೆರಾಲ್ಡ್ ಮೈಕೆಲ್‌ನ ಎದುರು ನಿಂತು, ನೀನು ಸಲಿಂಗಕಾಮಿ, ಹಾಗಿರಲು ನಿನಗೆ ಇಷ್ಟವಿಲ್ಲ, ಎಷ್ಟು ಪ್ರಾರ್ಥಿಸಿದರೂ ಎಷ್ಟು ಚಿಕಿತ್ಸೆ ಮಾಡಿಸಿದರೂ ಅದು ಬದಲಾಗುವುದಿಲ್ಲ ಎಂಬ ಅರ್ಥದ ಮಾತುಗಳನ್ನು ಒಂದಿಷ್ಟೂ ಕರುಣೆಯಿಲ್ಲದೆ ಹೇಳುತ್ತಾನೆ. ಹೇಳಿ, ಉಡುಗೊರೆಗಳನ್ನು ಎತ್ತಿಕೊಂಡು, ಹೊರಡುವಾಗ ನಾಳೆ ಫೋನ್ ಮಾಡುತ್ತೇನೆ ಎನ್ನುತ್ತಾನೆ. ಹೆರಾಲ್ಡನ ಪಾತ್ರಧಾರಿ ಲಿಯೊನಾರ್ಡ್ ಫ್ರೇ 1970ರ ಚಿತ್ರದಲ್ಲಿ ಈ ಕೊನೆಯ ಮಾತನ್ನು ತೀರಾ ಸಾಮಾನ್ಯವೆಂಬಂತೆ ಹೇಳಿ ಹೋಗುತ್ತಾರೆ. ಹುಟ್ಟಿದ ಮನೆಯಲ್ಲಿ ಜಾಗವಿಲ್ಲದವರು ತಾವೇ ಕಟ್ಟಿಕೊಂಡ ಮನೆತನ ಅದು, ಜಗಳವಾಡಿದ ಮಾತ್ರಕ್ಕೆ ಅದರಿಂದ ಯಾರೂ ಎದ್ದುಹೋಗುವ ಹಾಗಿಲ್ಲ. ಆ ರಾತ್ರಿ ಒಂದೇ ಮನೆಯಲ್ಲಿ ಎರಡು ಫೋನ್ ಲೈನುಗಳನ್ನು ಬಳಸಿ ಲ್ಯಾರಿಯು ಮಹಡಿಯಿಂದ ತನ್ನ ಸಂಗಾತಿ ಹ್ಯಾಂಕ್‌ಗೆ ಕರೆ ಮಾಡಿ ಪ್ರೀತಿಸುತ್ತೇನೆ ಎನ್ನುವುದನ್ನೂ ಸೇರಿಸಿಕೊಳ್ಳಿ. ಬರೀ ದ್ವೇಷದ ನಾಟಕವಾಗಿದ್ದರೆ ಇವೆರಡೂ ಅದರಲ್ಲಿ ಇರುತ್ತಿರಲಿಲ್ಲ.

1970ರ ಚಿತ್ರವನ್ನು ನಾನು ನಿರಾಳವಾಗಿ ನೋಡಲಾರೆ, ಅದಕ್ಕೆ ಬೇರೆ ಕಾರಣವಿದೆ. ಕೆನೆತ್ ನೆಲ್ಸನ್, ಲಿಯೊನಾರ್ಡ್ ಫ್ರೇ, ಫ್ರೆಡೆರಿಕ್ ಕೂಂಬ್ಸ್, ಕೀತ್ ಪ್ರೆಂಟಿಸ್, ರಾಬರ್ಟ್ ಲಾ ಟೂರ್ನೊ, ಅದರ ಒಂಬತ್ತು ನಟರಲ್ಲಿ ಈ ಐವರೂ 1986ರಿಂದ 1993ರ ನಡುವೆ ಏಡ್ಸ್ ಸಂಬಂಧಿ ಕಾಯಿಲೆಗಳಿಂದ ತೀರಿಕೊಂಡರು. ಮೊದಲ ರಂಗಪ್ರಯೋಗದ ನಿರ್ದೇಶಕ ರಾಬರ್ಟ್ ಮೂರ್ ಅವರಿಗೂ ನಿರ್ಮಾಪಕ ರಿಚರ್ಡ್ ಬಾರ್ ಅವರಿಗೂ ಅದೇ ಗತಿಯಾಯಿತು. ರಂಗದ ಮೇಲಿನ ನಾಟಕ ಆಯಾ ಸಂಜೆಗೇ ಮುಗಿಯಿತು, ಚಿತ್ರ ಮಾತ್ರ ಅವರೆಲ್ಲರನ್ನೂ ತಾರಸಿಯ ಮೇಲೆ ಕುಣಿಯುತ್ತಿರುವಂತೆ ಉಳಿಸಿಕೊಂಡಿದೆ.

ಉತ್ತರ 4: ಕಾರಂತಮಾರ್ಗ

ಚರ್ಚೆ ಬೆಂಗಳೂರಿನಲ್ಲಿ ನಡೆಯುವುದರಿಂದ ಮಹೇಶ್ ದತ್ತಾನಿಯವರನ್ನು ನೆನಪಿಸುವುದು ಅಗತ್ಯ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದು, ಇಲ್ಲಿಯೇ ‘ಪ್ಲೇಪೆನ್’ ತಂಡ ಕಟ್ಟಿದ ಈ ಇಂಗ್ಲಿಷ್ ನಾಟಕಕಾರರ ‘ಆನ್ ಎ ಮಗ್ಗಿ ನೈಟ್ ಇನ್ ಮುಂಬೈ’ 1998ರಲ್ಲಿ ಲಿಲ್ಲೆಟ್ ದುಬೆಯವರ ನಿರ್ದೇಶನದಲ್ಲಿ ರಂಗಕ್ಕೆ ಬಂದಿತು. 2002ರಲ್ಲಿ ದತ್ತಾನಿಯವರೇ ಅದನ್ನು ‘ಮ್ಯಾಂಗೋ ಸೂಫ್ಲೆ’ ಎಂಬ ಚಿತ್ರವನ್ನಾಗಿಸಿದರು. ಮುಂದೆ ‘ಆ ದಿನಗಳು’ ಚಿತ್ರದಿಂದ ಕನ್ನಡಿಗರಿಗೆ ಹತ್ತಿರವಾದ ಅತುಲ್ ಕುಲಕರ್ಣಿಯವರು ಇದರಲ್ಲಿ ಪ್ರಮುಖ ಪಾತ್ರ ವಹಿಸಿದ್ದಾರೆ, ಅವರೊಂದಿಗೆ ಅಂಕುರ್ ವಿಕಲ್ ಮತ್ತು ರಿಂಕಿ ಖನ್ನಾ ಇದ್ದಾರೆ.

ಇಲ್ಲಿಯೂ ಒಂದು ಮನೆಯಲ್ಲಿ ಗೆಳೆಯರ ಕೂಟವಿದೆ. ವಸ್ತ್ರವಿನ್ಯಾಸಕ ಕಮಲೇಶನು ಮರೆಯಲಾಗದ ಹಳೆಯ ಪ್ರೇಮಿ ಪ್ರಕಾಶನು ಈಗ ಎಡ್ ಎಂಬ ಹೆಸರಿನಲ್ಲಿ, ಕಮಲೇಶನ ಸ್ವಂತ ತಂಗಿ ಕಿರಣ್‌ಳನ್ನು ಮದುವೆಯಾಗಲು ಹೊರಟಿದ್ದಾನೆ. ಅಮೆರಿಕದ ನಾಟಕದಲ್ಲಿ ಹೊರಗಿನವನು ಕಾಲೇಜಿನ ಹಳೆಯ ಗೆಳೆಯ, ನಮ್ಮ ನಾಟಕದಲ್ಲಿ ಬಾಗಿಲು ತಟ್ಟುವುದು ಒಡಹುಟ್ಟಿದವಳು. ಭಾರತದಲ್ಲಿ ಈ ಗುಟ್ಟು ಯಾರ ಮುಂದೆ ಬಿಚ್ಚಿಕೊಳ್ಳುವುದು ಕಷ್ಟವೆಂಬುದನ್ನು ಬಲ್ಲವರು ಮಾತ್ರ ಹೀಗೆ ಬರೆಯಬಲ್ಲರು.

ಚಿತ್ರದ ಬಗ್ಗೆ ನನಗೆ ತಕರಾರಿದೆ. ಮೂಲದಲ್ಲಿ ಕಥೆ ನಡೆಯುವುದು ಮುಂಬೈನ ಫ್ಲಾಟೊಂದರಲ್ಲಿ, ಸೆಕೆಯಲ್ಲಿ, ಕೆಳಗೆ ಯಾರದೋ ಮದುವೆಯ ಗದ್ದಲ ಕೇಳುತ್ತಿರುವಾಗ. ಬೇಡವೆಂದರೂ ಒಳನುಗ್ಗುವ ಆ ಗದ್ದಲ ಗಂಡು ಹೆಣ್ಣಿನ ಮದುವೆಯೊಂದನ್ನೇ ಮದುವೆಯೆಂದು ಒಪ್ಪುವ ಲೋಕದ್ದು. ಚಿತ್ರವು ಇದನ್ನು ಬೆಂಗಳೂರಿನ ಹೊರವಲಯದ ತೋಟದ ಮನೆಗೆ ಒಯ್ಯುತ್ತದೆ. ಮರ, ಬೆಳಕು, ನೀರು ಎಲ್ಲವೂ ಕಣ್ಣಿಗೆ ಹಿತವಾಗಿವೆ, ಆದರೆ ನೆರೆಹೊರೆಯ ಕಣ್ಣು ಇಲ್ಲವಾದ ಮೇಲೆ ಈ ಗೆಳೆಯರು ದನಿ ತಗ್ಗಿಸಿ ಮಾತಾಡಬೇಕಾದ ಕಾರಣವೂ ಇಲ್ಲವಾಗುತ್ತದೆ. ರಂಗಸೂಚನೆಯಲ್ಲಿ ದತ್ತಾನಿಯವರು ಫ್ಲಾಟಿನ ಪಕ್ಕದಲ್ಲಿ ಯಾವ ಊರಿಗೂ ಸೇರದ ಒಂದು ಶೂನ್ಯದ ಜಾಗವನ್ನು ಕಲ್ಪಿಸಿ, ಪಾತ್ರಗಳು ಅಲ್ಲಿಗೆ ಹೋದಾಗ ತಮ್ಮ ಒಳಗನ್ನು ಎದುರಿಸಲೇಬೇಕು ಎಂದು ಬರೆದಿದ್ದರು. ಕ್ಯಾಮೆರಾದ ಮುಂದೆ ಅಂಥ ಜಾಗಕ್ಕೆ ಸಮನಾದುದು ಸಿಕ್ಕಿಲ್ಲ. ಮೂರನೇಗಂಟೆಯವರು ಈಜುಕೊಳದ ದೃಶ್ಯದ ಬಗ್ಗೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತದೆ. ಆದರೂ 377ನೆಯ ಕಲಮು ಪೂರ್ಣ ಜಾರಿಯಲ್ಲಿದ್ದ 2002ರಲ್ಲಿ ಈ ಚಿತ್ರ ಮಾಡಿದ ಧೈರ್ಯಕ್ಕೆ ನಮಸ್ಕಾರ.

ಪ್ರತಿಕ್ರಿಯೆ: ರಂಗವಿದ್ಯಾರ್ಥಿ

ಎಲ್ಲರಿಗೂ ಧನ್ಯವಾದಗಳು. 1970ರ ಚಿತ್ರವನ್ನು ಪೂರ್ತಿಯಾಗಿ ತೋರಿಸಿ, ಬರ್ನಾರ್ಡ್‌ನ ಕರೆಯ ದೃಶ್ಯವನ್ನು ಮಾತ್ರ 2020ರ ಚಿತ್ರದಿಂದಲೂ ತೋರಿಸಿ ಹೋಲಿಸಲು ನಿರ್ಧರಿಸಿದ್ದೇವೆ. ಸಂಜೆಮಲ್ಲಿಗೆಯವರ ಬರಹವನ್ನು ಆಕ್ಷೇಪಿಸಿದ ಇಬ್ಬರಿಗೂ ಕಳುಹಿಸಿದೆ. ಒಬ್ಬರು ಓದಿಗೆ ಬರುತ್ತೇನೆಂದಿದ್ದಾರೆ, ಇನ್ನೊಬ್ಬರು ತಮ್ಮ ಅಭಿಪ್ರಾಯ ಬದಲಿಸಿಲ್ಲ. ಕೊನೆಯದಾಗಿ ಒಂದು ಸಂದೇಹ. ಅಲನ್ ಸಲಿಂಗಕಾಮಿಯೋ ಅಲ್ಲವೋ? ಆ ಪಾತ್ರ ಓದುವವರು ಇದನ್ನು ತೀರ್ಮಾನಿಸದೆ ಓದಲಾರೆ ಎನ್ನುತ್ತಿದ್ದಾರೆ.

ಉತ್ತರ 5: ಮೂರನೇಗಂಟೆ

ಕ್ರೌಲಿಯವರು ಬೇಕೆಂದೇ ಹೇಳದೆ ಬಿಟ್ಟಿದ್ದಾರೆ. ಕಾಲೇಜಿನ ಇನ್ನೊಬ್ಬ ಗೆಳೆಯನೊಂದಿಗೆ ಅಲನ್‌ಗೆ ಸಂಬಂಧವಿತ್ತೆಂದು ಮೈಕೆಲ್ ಆರೋಪಿಸಿ, ಅವನಿಗೇ ಫೋನ್ ಮಾಡೆಂದು ಒತ್ತಾಯಿಸುತ್ತಾನೆ. ಅಲನ್ ಕರೆ ಮಾಡಿ ಪ್ರೀತಿಸುತ್ತೇನೆ ಎನ್ನುತ್ತಾನೆ. ತಾನು ಗೆದ್ದೆನೆಂದು ರಿಸೀವರ್ ಕಸಿದುಕೊಂಡ ಮೈಕೆಲ್‌ಗೆ ಕೇಳಿಸುವುದು ಅಲನ್‌ನ ಹೆಂಡತಿಯ ದನಿ. ಸಂಜೆ ಅವನು ಫೋನಿನಲ್ಲಿ ಅತ್ತದ್ದು ಯಾಕೆಂಬುದು ನಾಟಕ ಮುಗಿದರೂ ತಿಳಿಯುವುದಿಲ್ಲ.

ಓದುವವರು ತಮ್ಮ ಮಟ್ಟಿಗೆ ತೀರ್ಮಾನಿಸಿಕೊಳ್ಳಲಿ, ಆದರೆ ಅದನ್ನು ಉಳಿದ ಎಂಟು ಮಂದಿಗೆ ಹೇಳದಿರಲಿ, ಮುಖ್ಯವಾಗಿ ಮೈಕೆಲ್‌ನ ಪಾತ್ರ ಓದುವವರಿಗೆ. ಅಲನ್ ನಂಬರು ತಿರುಗಿಸುವ ಆ ಹೊತ್ತು ಮೈಕೆಲ್‌ಗೆ ನಿಜಕ್ಕೂ ಗೊತ್ತಿರಬಾರದು. ಮೊದಲ ತಾಲೀಮಿನಲ್ಲಿಯೇ ಫೋನನ್ನು ಎಲ್ಲಿಡುತ್ತೀರೆಂದು ನಿರ್ಧರಿಸಿಕೊಳ್ಳಿ, ಬರೀ ಓದಾದರೂ ರಿಸೀವರ್ ಒಂದು ನಿಜವಾದದ್ದೇ ಇರಲಿ.